ಸ್ಟೀಮ್‌ನಲ್ಲಿ ಕೊಂಡ ಗೇಮ್‌ಗಳನ್ನು ಫ್ರಾನ್ಸ್‌ನಲ್ಲಿ ಇನ್ನೊಬ್ಬರಿಗೆ ಮಾರಬಹುದೇ?

ಲಿಯಾನ್‌ನಲ್ಲಿ ಓದು ಮುಗಿಸಿ ಬೆಂಗಳೂರಿಗೆ ಹೊರಟಿದ್ದೀರಿ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ನಿಮ್ಮ ಖಾತೆಯಲ್ಲಿ ಅರವತ್ತಕ್ಕೂ ಹೆಚ್ಚು ಗೇಮ್‌ಗಳಿವೆ, ಆಡಿ ಮುಗಿಸಿದವನ್ನು ಮಾರಿದರೆ ವಿಮಾನದ ಟಿಕೆಟ್ ಖರ್ಚಾದರೂ ಹುಟ್ಟೀತು, ಪ್ಯಾರಿಸ್ ಕೋರ್ಟು ಮಾರಬಹುದು ಅಂದಿದೆಯಂತಲ್ಲ ಅಂತ ಕೇಳಿದ್ದೀರಿ. ಕೋರ್ಟು ಹಾಗೆ ಹೇಳಿದ್ದು ನಿಜ, 2019ರಲ್ಲಿ. ಆದರೆ ಆ ತೀರ್ಪು ಈಗ ಉಳಿದಿಲ್ಲ. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2024ರ ಅಕ್ಟೋಬರ್ 23ರಂದು ಫ್ರಾನ್ಸ್‌ನ ಅತ್ಯುನ್ನತ ನ್ಯಾಯಾಲಯವೂ ಹಾಗೆ ತಳ್ಳಿಹಾಕಿದ್ದೇ ಸರಿ ಎಂದಿತು. ಮಾರುವ ಹಕ್ಕು ನಿಮಗಿಲ್ಲ. ಇದನ್ನು ಬರೆಯಲು ನನಗೆ ಬೇಜಾರಾಗುತ್ತದೆ. ಯಾಕೆಂದರೆ ಇದೇ ಯುರೋಪಿನಲ್ಲಿ ಆಫೀಸಿನ ಸಾಫ್ಟ್‌ವೇರಿಗೆ ಆ ಹಕ್ಕು ಇದೆ, ನನ್ನ ಕೆಲಸದಲ್ಲಿ ಅದನ್ನು ಬಳಸುತ್ತಲೇ ಇರುತ್ತೇನೆ.

ನಾನಿರುವುದು ಮ್ಯೂನಿಕ್‌ನಲ್ಲಿ. ವಕೀಲನಲ್ಲ, ಒಂದು ಕಾರ್ಖಾನೆಯ ಐಟಿ ವಿಭಾಗದಲ್ಲಿ ಸಾಫ್ಟ್‌ವೇರ್ ಲೈಸೆನ್ಸ್‌ಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಸೇರಿದ ಹೊಸತರಲ್ಲಿ ಮ್ಯಾನೇಜರ್ ‘ಸೆಕೆಂಡ್ ಹ್ಯಾಂಡ್ ಲೈಸೆನ್ಸ್ ಸಿಗುತ್ತಾ ನೋಡು’ ಅಂದಾಗ ಗಾಬರಿಯಾಗಿತ್ತು. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಕೊಂಡು ಓದಿದವನು ನಾನು, ಅದು ತಪ್ಪು ಅಂತ ಯಾವತ್ತೂ ಅನಿಸಿರಲಿಲ್ಲ. ಆದರೆ ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರನ್ನು ಹಾಗೆ ಕೊಳ್ಳುವುದೆಂದರೆ ಕಳ್ಳಮಾಲು ಅಂತಲೇ ತಿಳಿದಿದ್ದೆ. ಬಾಗಿಲು ಮುಚ್ಚಿದ ಇನ್ನೊಂದು ಕಂಪನಿಯ ಲೈಸೆನ್ಸ್‌ಗಳು ಕಾಗದಪತ್ರ ಸಮೇತ ನಮ್ಮ ಕೈಗೆ ಬಂದವು. ತಮ್ಮ ಕಂಪ್ಯೂಟರ್‌ಗಳಿಂದ ಎಲ್ಲವನ್ನೂ ಅಳಿಸಿದ್ದೇವೆ ಎಂದು ಹಿಂದಿನವರು ಸಹಿ ಹಾಕಿಕೊಟ್ಟ ಪತ್ರವೂ ಜೊತೆಗಿತ್ತು.

ಆ ಪತ್ರದ ಹಿಂದೆ ಒಂದು ದೊಡ್ಡ ಮೊಕದ್ದಮೆಯ ಕಥೆ ಇದೆ. ಯೂಸ್ಡ್‌ಸಾಫ್ಟ್ ಎಂಬ ಜರ್ಮನ್ ಸಂಸ್ಥೆ ಒರೇಕಲ್ ಎಂಬ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಗ್ರಾಹಕರು ಬಳಸದೆ ಉಳಿಸಿದ್ದ ಲೈಸೆನ್ಸ್‌ಗಳನ್ನು ಕೊಂಡು ಮಾರುತ್ತಿತ್ತು. ಒರೇಕಲ್ ಇಲ್ಲೇ ಮ್ಯೂನಿಕ್‌ನಲ್ಲಿ ಕೇಸು ಹಾಕಿತು. ನಾವು ಮಾರಿಲ್ಲ, ಬಳಸಲು ಅನುಮತಿ ಕೊಟ್ಟಿದ್ದೇವೆ ಅಷ್ಟೆ, ಬೇರೆಯವರಿಗೆ ಕೊಡಬಾರದೆಂದು ಒಪ್ಪಂದದಲ್ಲೇ ಇದೆ ಎಂಬುದು ಅದರ ವಾದ. ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರ ಜುಲೈ 3ರಂದು ತೀರ್ಪು ಕೊಡುವಾಗ ಒಪ್ಪಂದಕ್ಕೆ ಇಟ್ಟ ಹೆಸರನ್ನು ಬದಿಗಿಟ್ಟು ವ್ಯವಹಾರವನ್ನು ನೋಡಿತು. ಪ್ರತಿಯ ಬೆಲೆ ಪಡೆದು ಕಾಲಮಿತಿಯಿಲ್ಲದೆ ಬಳಸಲು ಕೊಟ್ಟರೆ ಅದು ಮಾರಾಟವೇ. ಮಾರಿದ ಮೇಲೆ ಆ ಪ್ರತಿ ಮುಂದೆ ಯಾರ ಕೈಸೇರಬೇಕು ಎಂದು ಹೇಳುವ ಹಕ್ಕು ತಯಾರಕನಿಗೆ ತೀರಿಹೋಗುತ್ತದೆ. ಡಿಸ್ಕ್ ಆದರೂ ಸರಿ, ಡೌನ್‌ಲೋಡ್ ಆದರೂ ಸರಿ. ಷರತ್ತುಗಳು ಎರಡು. ಮಾರುವವನು ತನ್ನಲ್ಲಿರುವ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು. 25 ಮಂದಿಗೆಂದು ಒಟ್ಟಾಗಿ ಕೊಂಡ ಲೈಸೆನ್ಸನ್ನು ಒಡೆದು ಹತ್ತು ಮಂದಿಯ ಪಾಲು ಮಾತ್ರ ಮಾರುವ ಹಾಗಿಲ್ಲ.

ಇಷ್ಟಾದ ಮೇಲೆ ಗೇಮ್‌ಗೂ ಇದೇ ನ್ಯಾಯ ಸಿಗಬೇಕಲ್ಲವೇ? ಫ್ರಾನ್ಸ್‌ನ ಗ್ರಾಹಕ ಸಂಘಟನೆ ಯುಎಫ್‌ಸಿ-ಕ್ ಶ್ವಾಜೀರ್ ಹೀಗೆ ನಂಬಿಯೇ 2015ರ ಡಿಸೆಂಬರ್‌ನಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಮೇಲೆ ದಾವೆ ಹೂಡಿತು. ನಮ್ಮ ಗ್ರಾಹಕರು ಚಂದಾದಾರರು, ಕೊಂಡವರಲ್ಲ ಎಂದಿತು ವಾಲ್ವ್. ಒಂದೇ ಸಲ ಪೂರ್ತಿ ಬೆಲೆ ತೆಗೆದುಕೊಂಡು, ಅವಧಿಯನ್ನೂ ಹೇಳದೆ ಕೊಡುವುದು ಯಾವ ಚಂದಾ ಎಂಬ ಪ್ರಶ್ನೆಗೆ 2019ರ ಸೆಪ್ಟೆಂಬರ್ 17ರಂದು ಪ್ಯಾರಿಸ್‌ನ ಕೋರ್ಟು ಗ್ರಾಹಕರ ಪರ ಉತ್ತರ ಕೊಟ್ಟಿತು. ನೀವು ಓದಿದ್ದು ಈ ಸುದ್ದಿ. ಆದರೆ ಅದೇ 2019ರ ಡಿಸೆಂಬರ್‌ನಲ್ಲಿ ಲಕ್ಸೆಂಬರ್ಗ್‌ನಿಂದ ಮತ್ತೊಂದು ತೀರ್ಪು ಬಂತು, ಟಾಮ್ ಕ್ಯಾಬಿನೆಟ್ ಎಂಬ ಡಚ್ ಸಂಸ್ಥೆಯ ಪ್ರಕರಣದಲ್ಲಿ: ಓದಿ ಮುಗಿಸಿದ ಇ-ಪುಸ್ತಕವನ್ನು ಮಾರುವಂತಿಲ್ಲ. ಕಾರಣ, ಐರೋಪ್ಯ ಒಕ್ಕೂಟದ ಕಾನೂನು ಇಲ್ಲಿ ಎರಡು: ಸಾಫ್ಟ್‌ವೇರಿಗೆ 2009ರ ನಿರ್ದೇಶನ, ಉಳಿದ ಕೃತಿಗಳಿಗೆ 2001ರ ನಿರ್ದೇಶನ. ಎರಡನೆಯದರಲ್ಲಿ ಮರುಮಾರಾಟದ ಹಕ್ಕು ಕೈಯಲ್ಲಿ ಹಿಡಿಯಬಹುದಾದ ಪ್ರತಿಗೆ ಮಾತ್ರ.

ಹಾಗಾಗಿ ಗೇಮ್ ಎಂದರೆ ಏನು ಎಂಬುದರ ಮೇಲೆ ಎಲ್ಲವೂ ನಿಂತಿತು. ಅದರಲ್ಲಿ ಕೋಡ್ ಇದೆ, ಜೊತೆಗೆ ಚಿತ್ರ, ಸಂಗೀತ, ಕಥೆ ಇವೆ. ಅದು ಬರೀ ಸಾಫ್ಟ್‌ವೇರ್ ಅಲ್ಲ, ಹಲವು ಕಲೆ ಕೂಡಿದ ಕೃತಿ, ಆದ್ದರಿಂದ 2001ರ ನಿಯಮವೇ ಅನ್ವಯ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಅತ್ಯುನ್ನತ ನ್ಯಾಯಾಲಯ ಕೊಟ್ಟ ಕಾರಣವನ್ನಂತೂ ನಾನು ಹಲವು ಸಲ ಓದಿದ್ದೇನೆ: ಆಫೀಸಿನ ಸಾಫ್ಟ್‌ವೇರನ್ನು ಹಳತಾಗುವ ತನಕ ಬಳಸುತ್ತಾರೆ, ಗೇಮನ್ನು ಆಡಿ ಮುಗಿಸಿದವನು ಬೇಗ ಮಾರಿಬಿಡುತ್ತಾನೆ, ಎಷ್ಟು ವರ್ಷವಾದರೂ ಹೊಸಬರು ಅದನ್ನು ಆಡಬಹುದು, ಇದರಿಂದ ಹಕ್ಕುದಾರರಿಗೆ ಪೆಟ್ಟು ಹೆಚ್ಚು.

ಈ ಮಾತಿನಲ್ಲಿ ತೂಕವಿಲ್ಲ ಅನ್ನಲಾರೆ. ಒಬ್ಬನೇ ಕೂತು ಎರಡು ವರ್ಷ ದುಡಿದು ಮೂರು ಗಂಟೆಯ ಗೇಮ್ ಮಾಡಿದವನಿದ್ದಾನೆ ಅನ್ನಿ. ಅದನ್ನು ಇವತ್ತು ಕೊಂಡವನು ನಾಳೆ ಮಾರಿದರೆ, ಕೊಂಡವನು ನಾಡಿದ್ದು ಮಾರಿದರೆ, ಗೇಮ್ ಮಾಡಿದವನ ಹೊಟ್ಟೆಗೇನು? ಆದರೆ ಅದೇ ಗೇಮ್ ಕನ್ಸೋಲಿನ (ಟಿವಿಗೆ ಜೋಡಿಸಿ ಆಡುವ ಯಂತ್ರದ) ಡಿಸ್ಕ್‌ನಲ್ಲಿ ಬಂದರೆ ನೀವು ಇವತ್ತೇ ಮಾರಬಹುದು, ಯಾವ ಕೋರ್ಟೂ ತಡೆಯುವುದಿಲ್ಲ. ಅದೂ ಬೇಗ ಆಡಿ ಮುಗಿಯುವ ಗೇಮೇ. ನಷ್ಟದ ಭಯವಿದ್ದರೆ ಪ್ರತಿ ಮರುಮಾರಾಟದಲ್ಲೂ ತಯಾರಕನಿಗೆ ಒಂದು ಪಾಲು ಕೊಡುವ ಏರ್ಪಾಡು ಮಾಡಬಹುದು. ಇದು ಆಗದ ಮಾತಲ್ಲ. ಗೇಮಿನ ಒಳಗೆ ಸಿಗುವ ಬಂದೂಕಿನ ಬಣ್ಣ, ಟೋಪಿ, ಕಾರ್ಡುಗಳನ್ನು ಆಟಗಾರರು ಒಬ್ಬರಿಗೊಬ್ಬರು ಮಾರಿಕೊಳ್ಳಲು ಸ್ಟೀಮ್‌ನಲ್ಲೇ ಮಾರುಕಟ್ಟೆ ಇದೆ. ಪ್ರತಿ ವ್ಯವಹಾರದಲ್ಲೂ ಸ್ಟೀಮ್ ತನಗೆ ಶೇ. 5 ಹಿಡಿದುಕೊಳ್ಳುತ್ತದೆ, ಗೇಮಿನವರಿಗೂ ಪಾಲು ಹೋಗುತ್ತದೆ. ಬಂದೂಕಿಗೆ ಬಳಿದ ಬಣ್ಣ ಕೈಬದಲಾಗಬಹುದಾದರೆ ಗೇಮ್ ಯಾಕೆ ಆಗಬಾರದು ಎಂಬ ನನ್ನ ಪ್ರಶ್ನೆಗೆ ಈ ತೀರ್ಪುಗಳಲ್ಲಿ ಉತ್ತರ ಸಿಕ್ಕಿಲ್ಲ.

ಇನ್ನೊಂದು ದಾರಿ ನಿಮ್ಮ ತಲೆಗೆ ಬಂದೇ ಬರುತ್ತದೆ, ಇಡೀ ಖಾತೆಯನ್ನೇ ಪಾಸ್‌ವರ್ಡ್ ಸಮೇತ ಮಾರುವುದು. ದಯವಿಟ್ಟು ಬೇಡ. ಸ್ಟೀಮ್ ಒಪ್ಪಂದ ಅದನ್ನು ನೇರವಾಗಿ ನಿಷೇಧಿಸುತ್ತದೆ, ಗೊತ್ತಾದರೆ ಖಾತೆ ಹೋಗುತ್ತದೆ. ನನ್ನ ಚಿಕ್ಕಪ್ಪನ ಮಗ ಹುಬ್ಬಳ್ಳಿಯಲ್ಲಿದ್ದಾಗ ಯಾರೋ ಅಪರಿಚಿತನಿಂದ ಬೇರೊಂದು ಗೇಮಿಂಗ್ ಖಾತೆಯನ್ನು ಹೀಗೆ ಕೊಂಡ. ತಿಂಗಳೊಳಗೆ ಮಾರಿದವನು ತನ್ನ ಹಳೆ ಇಮೇಲ್ ತೋರಿಸಿ ಖಾತೆಯನ್ನು ವಾಪಸ್ ಎಳೆದುಕೊಂಡ. ಕೊಂಡಿದ್ದೇ ನಿಯಮಬಾಹಿರವಾದ್ದರಿಂದ ಹುಡುಗನಿಗೆ ಎಲ್ಲೂ ದೂರು ಕೊಡಲಾಗಲಿಲ್ಲ. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡು ಅದು.

ಊರಿಗೆ ಬಂದ ಮೇಲೆ ಭಾರತದ ಕಾನೂನು ಕೈಹಿಡಿಯುತ್ತದೆಯೇ ಎಂದೂ ಕೇಳಿದ್ದೀರಿ. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ 2011ರ ನಿಲುವನ್ನು ಬದಲಿಸಿ, ವಿದೇಶಿ ಸಾಫ್ಟ್‌ವೇರಿಗೆ ಕೊಟ್ಟ ಹಣ ರಾಯಲ್ಟಿ ಅಲ್ಲ, ಸರಕಿನ ಬೆಲೆ ಎಂದಿತು. ಮೊದಲ ಮಾರಾಟದಿಂದ ಹಕ್ಕು ತೀರುವ ವಿಚಾರವನ್ನೂ ಅದು ಚರ್ಚಿಸಿದೆ. ಓದಲು ಆಸೆ ಹುಟ್ಟಿಸುವ ತೀರ್ಪು, ಆದರೆ ಅದು ಆದಾಯ ತೆರಿಗೆಯ ಕೇಸು. ಅದನ್ನು ಹಿಡಿದು ಗೇಮ್ ಮಾರಲು ಹೊರಡಬೇಡಿ.

ನೀವು ಮಾಡಬಹುದಾದದ್ದು ಇಷ್ಟು. ಕನ್ಸೋಲ್ ಡಿಸ್ಕ್‌ಗಳಿದ್ದರೆ ಲಿಯಾನ್‌ನಲ್ಲೇ ಮಾರಿ. ಸ್ಟೀಮ್‌ನಲ್ಲಿರುವ ಕಾರ್ಡು, ಬಣ್ಣಗಳನ್ನು ಮಾರಬಹುದು, ಆದರೆ ಆ ಹಣ ಸ್ಟೀಮ್ ವಾಲೆಟ್‌ನಲ್ಲೇ ಉಳಿಯುತ್ತದೆ, ಟಿಕೆಟ್ಟಿಗೆ ಆಗುವುದಿಲ್ಲ. ಕೊಂಡು 14 ದಿನದೊಳಗಿನ, ಎರಡು ಗಂಟೆಗಿಂತ ಕಡಿಮೆ ಆಡಿದ ಗೇಮ್ ಇದ್ದರೆ ಹಣ ವಾಪಸ್ ಕೇಳಿ. ಓದಿಗೆಂದು ಪೂರ್ತಿ ಬೆಲೆ ಕೊಟ್ಟು ಕಾಲಮಿತಿಯಿಲ್ಲದ ಲೈಸೆನ್ಸ್ ಇರುವ ಸಾಫ್ಟ್‌ವೇರ್ ಏನಾದರೂ ಕೊಂಡಿದ್ದರೆ, ಅದನ್ನು ನಿಮ್ಮ ಲ್ಯಾಪ್‌ಟಾಪ್‌ನಿಂದ ತೆಗೆದು ಮಾರಬಹುದು. ಬಿಲ್ ಮತ್ತು ಖರೀದಿಯ ಇಮೇಲ್ ಕೊಡಿ, ಅಳಿಸಿದ್ದೇನೆಂದು ಸಹಿ ಮಾಡಿದ ಒಂದು ಪತ್ರವನ್ನೂ ಜೊತೆಗಿಡಿ.