ಲ್ಯಾಪ್‌ಟಾಪ್‌ನಲ್ಲಿ ಓಡುವ ಡಿವಿಡಿ ಟಿವಿಯಲ್ಲಿ ಯಾಕೆ ಓಡುವುದಿಲ್ಲ?

ಪ್ರಶ್ನೆ: ಹೋದ ಬೇಸಿಗೆಯಲ್ಲಿ ನಮ್ಮೂರ ಗದ್ದೆಬಯಲಲ್ಲಿ ಆದ ಯಕ್ಷಗಾನವನ್ನು ಮೊಬೈಲ್‌ನಲ್ಲಿ ಹಿಡಿದಿದ್ದೆ. ಅಪ್ಪಯ್ಯನಿಗೆ ಮೊಬೈಲ್‌ನ ಸಣ್ಣ ಪರದೆ ಸರಿಯಾಗಿ ಕಾಣುವುದಿಲ್ಲ, ಟಿವಿಯಲ್ಲೇ ಆಗಬೇಕು. ಅದಕ್ಕೆ ಡಿವಿಡಿಗೆ ಬರೆದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಮನೆಯ ಹಳೇ ಪ್ಲೇಯರ್‌ಗೆ ಹಾಕಿದರೆ ಏನೂ ಬರುವುದಿಲ್ಲ. ಆಗಲೇ ಮೂರು ಡಿಸ್ಕ್ ದಂಡವಾಯಿತು.
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ನಾಲ್ಕನೇ ಡಿಸ್ಕ್‌ಗೆ ಕೈ ಹಾಕುವ ಮೊದಲು ಆ ಮೂರರಲ್ಲಿ ಒಂದನ್ನು ಮತ್ತೆ ಪ್ಲೇಯರ್‌ಗೆ ಹಾಕಿ, ಪರದೆಯ ಮೇಲೆ ಏನು ಬರುತ್ತದೆ ಎಂದು ನೋಡಿ. ‘ನೋ ಡಿಸ್ಕ್’ ಎಂದು ಬಂದರೆ ಪ್ಲೇಯರ್‌ಗೆ ಡಿಸ್ಕೇ ಕಾಣುತ್ತಿಲ್ಲ. ಫೈಲ್‌ಗಳ ಪಟ್ಟಿ ಬಂದು, ಒತ್ತಿದರೆ ಓಡದಿದ್ದರೆ, ಅಥವಾ ‘ಅನ್‌ಸಪೋರ್ಟೆಡ್’ ಎಂದರೆ, ಡಿಸ್ಕ್ ಕಾಣುತ್ತಿದೆ, ಒಳಗಿನ ವಿಡಿಯೊ ಅದಕ್ಕೆ ಅರ್ಥವಾಗುತ್ತಿಲ್ಲ. ಇವೆರಡೂ ಬೇರೆ ಬೇರೆ ತೊಂದರೆ, ಔಷಧಿಯೂ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಓಡಿತು ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಸಿಕ್ಕಿದ್ದನ್ನೆಲ್ಲ ಓಡಿಸುತ್ತದೆ.

ನಿಮ್ಮದು ಎರಡನೆಯದೇ ಇರಬೇಕು ಅಂತ ನನಗೆ ಅನಿಸುತ್ತದೆ. ಮೊಬೈಲ್ ಸಾಮಾನ್ಯವಾಗಿ ಕೊಡುವುದು ಎಂಪಿ4 ಫೈಲ್. ಅದನ್ನು ಸುಮ್ನೆ ಎಳೆದು ಡಿಸ್ಕ್‌ಗೆ ಹಾಕಿದರೆ ಅದು ಡೇಟಾ ಡಿಸ್ಕ್ ಆಗುತ್ತದೆಯೇ ಹೊರತು ಡಿವಿಡಿ ವಿಡಿಯೊ ಆಗುವುದಿಲ್ಲ. ಹಳೇ ಪ್ಲೇಯರ್‌ಗೆ ಬೇಕಾದ್ದು ಎಂಪೆಗ್-2 ವಿಡಿಯೊ, ನಮ್ಮ ಕಡೆಯ ಟಿವಿಗಳಿಗೆ ನಡೆಯುವ ಪಾಲ್ ಅಳತೆಯಲ್ಲಿ, ಅಂದರೆ 720x576, ಸೆಕೆಂಡಿಗೆ 25 ಚಿತ್ರ. ಡಿಸ್ಕ್ ತೆರೆದರೆ ‘ವಿಡಿಯೊ_ಟಿಎಸ್’ ಎಂಬ ಫೋಲ್ಡರ್, ಅದರೊಳಗೆ ಐಎಫ್ಒ, ಬಿಯುಪಿ, ವಿಒಬಿ ಎಂಬ ಫೈಲ್‌ಗಳು ಇರಬೇಕು. ಡಿವಿಡಿಸ್ಟೈಲರ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ನಿಮ್ಮ ಎಂಪಿ4 ಕೊಟ್ಟು ಪಾಲ್ ಎಂದು ಆರಿಸಿದರೆ ಇದನ್ನೆಲ್ಲ ಅದೇ ಮಾಡಿಕೊಡುತ್ತದೆ. ಹೊತ್ತು ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ.

ಇನ್ನೊಂದು ಮಾತು. ಬೆಳಗಿನವರೆಗೆ ನಡೆದ ಆಟವನ್ನು ಒಂದೇ ಡಿಸ್ಕ್‌ಗೆ ತುರುಕಬೇಡಿ. 4.7 ಜಿಬಿ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 4.38 ಜಿಬಿ ಅಷ್ಟೇ ತೋರಿಸುತ್ತದೆ. ಅದರಲ್ಲಿ ಎರಡು ಗಂಟೆ ಚೆನ್ನಾಗಿ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಒತ್ತಿದರೆ, ವೇಷ ಜೋರಾಗಿ ಕುಣಿಯುವಾಗಲೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅಪ್ಪಯ್ಯ ಕಾದು ಕೂತಿರುವುದು ಆ ಗಳಿಗೆಗೇ ಅಲ್ವಾ? ಪ್ರಸಂಗ ಎಲ್ಲಿ ತಿರುಗುತ್ತದೋ ಅಲ್ಲಿ ಕತ್ತರಿಸಿ, ಮೂರು ನಾಲ್ಕು ಡಿಸ್ಕ್ ಮಾಡಿ, ಮೇಲೆ ನಂಬರ್ ಹಾಕಿ.

‘ನೋ ಡಿಸ್ಕ್’ ಎಂದೇ ಬಂದಿದ್ದರೆ ಮೊದಲು ಫೈನಲೈಸ್ ಆಗಿದೆಯೇ ನೋಡಿ. ಬರೆಯುವುದನ್ನು ಮುಗಿಸಿ ಮುಚ್ಚದ ಡಿಸ್ಕನ್ನು ಹೆಚ್ಚಿನ ಪ್ಲೇಯರ್‌ಗಳು ಮುಟ್ಟುವುದಿಲ್ಲ. ಆಮೇಲೆ ವೇಗ. 16ಎಕ್ಸ್ ಡಿಸ್ಕ್ ಎಂದು 16ರಲ್ಲೇ ಬರೆಯಬೇಕಿಲ್ಲ, 4 ಅಥವಾ 8ರಲ್ಲಿ ಬರೆದು ನೋಡಿ, ಮುಗಿದ ಮೇಲೆ ವೆರಿಫೈ ಮಾಡಿಸಿ. ತುಂಬಾ ಹಳೇ ಪ್ಲೇಯರ್ ಆದರೆ ಡಿವಿಡಿ ಮೈನಸ್ ಆರ್ (ಡಿಸ್ಕ್ ಮೇಲೆ DVD-R ಎಂದಿರುತ್ತದೆ) ಕೊಳ್ಳಿ. ಪ್ಲಸ್ ಆರ್ (DVD+R) ಮಾತ್ರ ಸಿಕ್ಕಿದರೆ, ಡಿಸ್ಕ್ ಬರೆಯುವ ಇಮ್‌ಗ್‌ಬರ್ನ್ ಎಂಬ ಸಾಫ್ಟ್‌ವೇರ್‌ನಲ್ಲಿ ಬುಕ್ ಟೈಪ್ ಅನ್ನು, ಅಂದರೆ ಇದು ಯಾವ ಬಗೆಯ ಡಿಸ್ಕ್ ಎಂದು ಪ್ಲೇಯರ್‌ಗೆ ಹೇಳುವ ಗುರುತನ್ನು, ‘DVD-ROM’ ಎಂದು ಬದಲಿಸಲು ನಿಮ್ಮ ರೈಟರ್ (ಬರೆಯುವ ಡ್ರೈವ್) ಬಿಡುತ್ತದೆಯೇ ನೋಡಿ. ಆಗ ಪ್ಲೇಯರ್ ಅದನ್ನು ಅಂಗಡಿಯಲ್ಲಿ ಸಿಗುವ ಸಿನಿಮಾ ಡಿಸ್ಕ್ ಎಂದೇ ತಿಳಿಯುತ್ತದೆ.

ಪ್ರಶ್ನೆ: ಮತ್ತೆ ಮತ್ತೆ ಬರೆಯಬಹುದು ಎಂದು ಆರ್‌ಡಬ್ಲ್ಯು ಡಿಸ್ಕ್ ತಂದೆ. ನಮ್ಮ ಮನೆಯಲ್ಲಿ ಓಡುತ್ತದೆ, ಅಕ್ಕನ ಮನೆಯಲ್ಲಿ ಓಡುವುದಿಲ್ಲ.
– ಓದುಗರು, ಸಾಗರ

ಉತ್ತರ: ಆರ್‌ಡಬ್ಲ್ಯು ಡಿಸ್ಕ್‌ನಿಂದ ಲೇಸರ್ ಬೆಳಕು ತುಂಬಾ ಕಮ್ಮಿ ವಾಪಸ್ ಬರುತ್ತದೆ, ಒಂದು ಸಲ ಬರೆಯುವ ಡಿಸ್ಕ್‌ನ ಅರ್ಧಕ್ಕಿಂತ ಕಮ್ಮಿ ಅಂತಲೇ ಇಟ್ಟುಕೊಳ್ಳಿ. ಅಕ್ಕನ ಮನೆಯ ಪ್ಲೇಯರ್‌ಗೆ ಅಷ್ಟು ಸಾಲುತ್ತಿಲ್ಲ. ಆರ್‌ಡಬ್ಲ್ಯು ನೀವು ಪರೀಕ್ಷೆಗೆ ಇಟ್ಟುಕೊಳ್ಳಿ, ಕೊಡುವುದಕ್ಕೆ ಆರ್ ಡಿಸ್ಕ್‌ನಲ್ಲೇ ಬರೆಯಿರಿ.

ಪ್ರಶ್ನೆ: ಮದುವೆ ಡಿವಿಡಿ ಮಳೆಗಾಲ ಕಳೆದ ಮೇಲೆ ತೆಗೆದರೆ ಬಿಳಿ ಬೂಷ್ಟು. ಅರ್ಧಕ್ಕೆ ನಿಲ್ಲುತ್ತದೆ.
– ಓದುಗರು, ತೀರ್ಥಹಳ್ಳಿ

ಉತ್ತರ: ನಮ್ಮ ಮಳೆಗೆ ಚಪ್ಪಲಿ, ಪುಸ್ತಕವೇ ಉಳಿಯುವುದಿಲ್ಲ, ಡಿಸ್ಕ್ ಪಾಡೇನು! ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತಗಿನ ಹತ್ತಿ ಬಟ್ಟೆ ಅದ್ದಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ಸುತ್ತ ಉಜ್ಜಬೇಡಿ, ಹಾಗೆ ಬಿದ್ದ ಗೀರು ಡೇಟಾ ಇರುವ ದಾರಿಯುದ್ದಕ್ಕೂ ಹೋಗುತ್ತದೆ. ಥಿನ್ನರ್ ಬೇಡವೇ ಬೇಡ. ಮೇಲೆ ಕಾಗದದ ಸ್ಟಿಕ್ಕರ್ ಇದ್ದರೆ ಆ ಕಡೆ ನೀರು ತಾಗಿಸಬೇಡಿ, ಕೀಳಲೂ ಹೋಗಬೇಡಿ, ಎಳೆಯುವಾಗ ಡಿಸ್ಕ್ ಬಾಗಿ ಹಾಳಾಗಬಹುದು. ಸ್ಟಿಕ್ಕರ್ ತೇವ ಹೀರಿ ಉಬ್ಬಿದ್ದರೆ ತಿರುಗುವಾಗ ಡಿಸ್ಕ್ ಅದುರುತ್ತದೆ, ಅರ್ಧಕ್ಕೆ ನಿಲ್ಲಲು ಅದೂ ಕಾರಣ ಇರಬಹುದು. ಒರೆಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಡಬೇಡಿ, ಬರೆಯುವ ಡಿಸ್ಕ್‌ನೊಳಗಿನ ಬಣ್ಣ ಬಿಸಿಲಿಗೆ ಮಾಸುತ್ತದೆ.

ಒಣಗಿದ ಮೇಲೆ ಪ್ಲೇಯರ್‌ಗೆ ಹಾಕಿ ನೋಡುವುದಲ್ಲ, ನೇರ ಕಂಪ್ಯೂಟರ್‌ಗೆ ಹಾಕಿ ಅವತ್ತೇ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ನೋಡಿ, ಕೆಲವು ಸಲ ಬೇರೆ ಡ್ರೈವ್ ಓದಿಬಿಡುತ್ತದೆ. ಎರಡು ಕಡೆ ಇಟ್ಟುಕೊಳ್ಳಿ, ಒಂದು ಪ್ರತಿ ತಂಗಿ ತಮ್ಮಂದಿರ ಮನೆಯಲ್ಲಿರಲಿ.