ನಕ್ಷೆಯ ಮೂಲಾಂಶಗಳನ್ನು ನೆನಪಿಡೋಕೆ ಸುಲಭದ ಟ್ರಿಕ್ ಇದೆಯಾ?

ಶೀರ್ಷಿಕೆ, ದಿಕ್ಕು, ಸ್ಕೇಲ್, ಸೂಚಿ ಅಂತ ಬಾಯಿಪಾಠ ಮಾಡ್ತೀನಿ, ಮರುದಿನ ಮರೀತೀನಿ ಅಂದಿದ್ದೀರಿ. ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೂತು ನಾನೂ ಇದನ್ನೇ ಗಿಣಿಪಾಠ ಒಪ್ಪಿಸಿದವನು. ಬಿಎ ಪ್ರಾಕ್ಟಿಕಲ್‌ನಲ್ಲಿ ಅಂಕ ಚೆನ್ನಾಗಿಯೇ ಬಂದವು. ಆಮೇಲೆ ಮೂವರು ಗೆಳೆಯರ ಜೊತೆ ಗದಗಿನ ಕಪ್ಪತಗುಡ್ಡಕ್ಕೆ ಹೋದೆ.

ಟೋಪೋಶೀಟ್, ಅಂದರೆ ಗುಡ್ಡ, ಹೊಳೆ, ದಾರಿ, ಊರು ಎಲ್ಲ ವಿವರವಾಗಿ ತೋರಿಸುವ ನಕ್ಷೆ, ದೊಡ್ಡದು. ಹಾಗಾಗಿ ಬೇಕಾದ ಎ4 ಅಳತೆಯ ಭಾಗವನ್ನಷ್ಟೇ, ಊರ ಹೆಸರು ಚೆನ್ನಾಗಿ ಕಾಣಲಿ ಅಂತ, ಎ3ಗೆ ಹಿಗ್ಗಿಸಿ ಝೆರಾಕ್ಸ್ ಮಾಡಿಸಿದೆ. ಮೂಲೆಯಲ್ಲಿ ಕೆಂಪು ಪೆನ್ನಿನಿಂದ 1:50,000 ಅಂತ ಬರೆದೆ. ಎಡವಿದ್ದು ಅಲ್ಲೇ.

1:50,000 ಅಂದರೆ ಹಾಳೆಯ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. ಎ4 ಅನ್ನು ಎ3 ಮಾಡಿದರೆ ಪ್ರತಿ ಗೆರೆ ಸುಮಾರು 1.41 ಪಟ್ಟು ಉದ್ದ ಆಗುತ್ತದೆ. ಗುಡ್ಡ ಇದ್ದಷ್ಟೇ ಇದೆ, ಹಾಳೆ ಮಾತ್ರ ಹಿಗ್ಗಿದೆ. ಈಗ 1 ಸೆಂ.ಮೀ. ಅಂದರೆ ಬರೀ 354 ಮೀಟರ್! ನಾವು ಹಿಡಿಯಬೇಕಾದ ಕಾಲುದಾರಿಯ ತಿರುವಿನ ತನಕ ನಾನು 12 ಸೆಂ.ಮೀ. ಅಳೆದು 6 ಕಿ.ಮೀ. ಅಂದುಕೊಂಡೆ. ಇದ್ದದ್ದು 4.2. ತಾಸಿಗೆ 4 ಕಿ.ಮೀ. ಲೆಕ್ಕ ಹಿಡಿದು ಒಂದೂವರೆ ತಾಸು ನಡೀಬೇಕು ಅಂತ ಹೊರಟೆವು. ಒಂದು ತಾಸಾಗುತ್ತಲೇ ಎಡಕ್ಕೆ ಕಾಲುದಾರಿ ಬಂತು. ಗೆಳೆಯ ತೋರಿಸಿದ. "ಇನ್ನೂ ಎರಡ್ ಕಿಲೋಮೀಟರ್ ಐತಿ, ನಡಿ ಸುಮ್ನ" ಅಂತ ಗದರಿದವನು ನಾನೇ. ಮುಂದೆ ಕುರಿ ಕಾಯುತ್ತಿದ್ದ ಅಜ್ಜ, "ಹಾದಿ ಹಿಂದ ಬಿಟ್ಟು ಬಂದೀರಲ್ಲೋ ತಮ್ಮಾ" ಅಂದರು. ಗದಗಿನ ಕೊನೆಯ ಬಸ್ ತಪ್ಪಿತು. ರಾತ್ರಿ ಗುಡಿಯ ಕಟ್ಟೆ ಮೇಲೆ ನಾಲ್ಕು ಜನಕ್ಕೆ ಎರಡು ರೊಟ್ಟಿ, ಚೂರು ಶೇಂಗಾ ಚಟ್ನಿ.

ಹೊಟ್ಟೆ ಉರಿಯೋದು ಏನಕ್ಕೆ ಗೊತ್ತಾ? ಟೋಪೋಶೀಟಿನ ಕೆಳಗೆ ಕಿಲೋಮೀಟರ್ ಗುರುತು ಹಾಕಿದ ಅಳತೆಪಟ್ಟಿಯೇ ಅಚ್ಚಾಗಿರುತ್ತದೆ. ಅದನ್ನೂ ಸೇರಿಸಿ ಝೆರಾಕ್ಸ್ ಮಾಡಿಸಿದ್ದರೆ ನಕ್ಷೆಯ ಜೊತೆ ಪಟ್ಟಿಯೂ ಅಷ್ಟೇ ಹಿಗ್ಗುತ್ತಿತ್ತು, ಅಳತೆ ತಪ್ಪುತ್ತಲೇ ಇರಲಿಲ್ಲ. ಇದನ್ನೇ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ ಮಹಾರಾಯ!

ಅದಕ್ಕೇ ಟ್ರಿಕ್ ಹೇಳಲ್ಲ. ಕಂದು ಗೆರೆ ಎತ್ತರ, ನೀಲಿ ಅಂದರೆ ನೀರು, ಇವೆಲ್ಲ ಒಂದು ಶೀಟ್ ಮುಂದಿಟ್ಟುಕೊಂಡು ಕೂತರೆ ತಾನಾಗೇ ಬರುತ್ತವೆ. ಒಂದು ದಾರ ತಗೊಳ್ಳಿ. ಹುಬ್ಬಳ್ಳಿ–ಧಾರವಾಡ ರಸ್ತೆ ಸುಮಾರು 20 ಕಿ.ಮೀ. ನಕ್ಷೆಯಲ್ಲಿ ಆ ರಸ್ತೆಯ ಒಂದೊಂದು ತಿರುವಿಗೂ ದಾರ ಬಗ್ಗಿಸಿ ಅಳೆಯಿರಿ. 1:50,000 ಇದ್ದರೆ 40 ಸೆಂ.ಮೀ. ಆಸುಪಾಸು ಬರಬೇಕು. ಬರದಿದ್ದರೆ ಅದು ಮೂಲ ಶೀಟೋ, ಝೆರಾಕ್ಸೋ ನೋಡಿ.