ವಿಡಿಯೊ ಕಂಪನಿಗಳಿಂದ ಪಾಲು ವಸೂಲಿ ಮಾಡಿದರೆ ನಮ್ಮ ಬಿಲ್ ಇಳಿಯುತ್ತಾ?

ಪ್ರಶ್ನೆ: ಇಂಟರ್ನೆಟ್‌ನಲ್ಲಿ ಜಾಸ್ತಿ ಟ್ರಾಫಿಕ್ (ಡೇಟಾ ಓಡಾಟ) ತರುವ ದೊಡ್ಡ ವಿಡಿಯೊ ಕಂಪನಿಗಳು ಬ್ರಾಡ್‌ಬ್ಯಾಂಡ್ ಕಂಪನಿಗಳಿಗೆ ನೆಟ್‌ವರ್ಕ್ ಖರ್ಚಿನಲ್ಲಿ ಪಾಲು ಕೊಡಬೇಕು, ಅದಕ್ಕೆ ನಿಯಮ ತರಬೇಕು ಎಂಬ ಬೇಡಿಕೆ ಹಲವು ದೇಶಗಳಲ್ಲಿ ಇದೆಯಂತೆ. ರಸ್ತೆ ಬಳಸುವವರು ಟೋಲ್ ಕಟ್ಟುವುದು ಸರಿ ಅಲ್ವಾ? ಹಾಗೆ ಮಾಡಿದರೆ ನಮ್ಮ ಬಿಲ್ ಕಡಿಮೆ ಆಗುತ್ತಾ?

ಉತ್ತರ: ಟೋಲ್ ಸರಿ. ಆದರೆ ಇಲ್ಲಿ ರಸ್ತೆ ಬಳಸುತ್ತಿರುವುದು ಯಾರು? ವಿಡಿಯೊ ಸುಮ್ನೆ ನಿಮ್ಮ ಮನೆಗೆ ನುಗ್ಗುವುದಿಲ್ಲ. ನೀವು ಒತ್ತಿದ್ದಕ್ಕೆ ಬರುತ್ತದೆ. ಹಾಗೆ ತಂದುಕೊಡಲೆಂದೇ ನೀವು ತಿಂಗಳಾ ತಿಂಗಳಾ ಬಿಲ್ ಕಟ್ಟುತ್ತೀರಿ. ಅಂದರೆ ಟೋಲ್ ಆಗಲೇ ಸಂದಾಯವಾಗಿದೆ.

ವಿಡಿಯೊ ಕಂಪನಿಗಳು ಪುಕ್ಕಟೆ ಸವಾರಿ ಮಾಡುತ್ತಿವೆ ಎಂಬ ಮಾತೂ ಪೂರ್ತಿ ನಿಜವಲ್ಲ. ನೆಟ್‌ಫ್ಲಿಕ್ಸ್ ‘ಓಪನ್ ಕನೆಕ್ಟ್’ ಹೆಸರಿನಲ್ಲಿ ತನ್ನದೇ ಸರ್ವರ್‌ಗಳನ್ನು ಬ್ರಾಡ್‌ಬ್ಯಾಂಡ್ ಕಂಪನಿಗಳ ಜಾಗದಲ್ಲೇ ಕೂರಿಸುತ್ತದೆ. ಅದಕ್ಕೆ ದುಡ್ಡು ಕೇಳುವುದಿಲ್ಲ. ತುಂಬಾ ಜನ ನೋಡುವ ಸಿನಿಮಾಗಳನ್ನು ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ ಅದರೊಳಗೆ ತುಂಬಿಸಿಡುತ್ತಾರೆ. ಸಂಜೆ ಎಲ್ಲರೂ ನೋಡಲು ಕೂತಾಗ ವಿಡಿಯೊ ದೂರದಿಂದ ಬರಬೇಕಿಲ್ಲ, ಪಕ್ಕದಿಂದಲೇ ಬರುತ್ತದೆ. ಇದರಿಂದ ಎರಡೂ ಕಡೆಯವರಿಗೆ ಉಳಿತಾಯ.

ಹಾಗಂತ ಟೆಲಿಕಾಂ ಕಂಪನಿಗಳ ಗೋಳೆಲ್ಲ ಸುಳ್ಳು ಅನ್ನಲಾರೆ. ನೆಲ ಅಗೆದು ಫೈಬರ್ ಹಾಕುವವರು ಅವರೇ. ಆದರೆ ಆ ಅಗೆತವೇ ದೊಡ್ಡ ಖರ್ಚು. ಒಮ್ಮೆ ಹಾಕಿದ ಫೈಬರ್‌ನಲ್ಲಿ ಟ್ರಾಫಿಕ್ ಎರಡು ಪಟ್ಟಾದರೆ ಖರ್ಚೂ ಎರಡು ಪಟ್ಟಾಗುವುದಿಲ್ಲ. ಯುರೋಪಿನ ಟೆಲಿಕಾಂ ನಿಯಂತ್ರಕರ ಒಕ್ಕೂಟ ಬೆರೆಕ್ 2022ರ ಅಕ್ಟೋಬರ್‌ನಲ್ಲಿ ಹೇಳಿದ್ದೂ ಇದನ್ನೇ: ಟ್ರಾಫಿಕ್ ಹೆಚ್ಚಿದ್ದಕ್ಕೆ ಬೀಳುವ ಖರ್ಚು ನೆಟ್‌ವರ್ಕ್‌ನ ಒಟ್ಟು ಖರ್ಚಿನ ಮುಂದೆ ಬಹಳ ಕಡಿಮೆ. ಮೊಬೈಲ್ ನೆಟ್‌ವರ್ಕ್‌ನ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಗಾಳಿಯಲ್ಲಿ ಸಿಗ್ನಲ್‌ಗೆಂದು ಇರುವ ಜಾಗವನ್ನು (ತರಂಗಾಂತರವನ್ನು) ಎಲ್ಲರೂ ಹಂಚಿಕೊಳ್ಳಬೇಕು.

ಈ ದಾರಿಯಲ್ಲಿ ನಡೆದು ನೋಡಿದ ದೇಶ ದಕ್ಷಿಣ ಕೊರಿಯಾ. 2016ರಿಂದ ಅಲ್ಲಿನ ಬ್ರಾಡ್‌ಬ್ಯಾಂಡ್ ಕಂಪನಿಗಳ ನಡುವೆ, ಟ್ರಾಫಿಕ್ ಕಳಿಸುವವರೇ ಕಾಸು ಕೊಡಬೇಕೆಂಬ ನಿಯಮ ಬಂತು. ಇದರ ವಿಚಿತ್ರ ನೋಡಿ. ನೀವೇ ಒಂದು ಬ್ರಾಡ್‌ಬ್ಯಾಂಡ್ ಕಂಪನಿ ಎಂದುಕೊಳ್ಳಿ. ಜನ ಮುಗಿಬಿದ್ದು ನೋಡುವ ಸೈಟನ್ನು ನಿಮ್ಮ ನೆಟ್‌ವರ್ಕ್‌ನಲ್ಲಿ ಇಟ್ಟುಕೊಂಡರೆ ನೀವೇ ಉಳಿದವರಿಗೆ ದುಡ್ಡು ಕೊಡಬೇಕು. ಆ ಹೊರೆ ಕೊನೆಗೆ ಸೈಟ್ ನಡೆಸುವವರ ತಲೆಗೇ ಬೀಳುತ್ತದೆ. ಅಲ್ಲಿನ ಎಸ್‌ಕೆ ಬ್ರಾಡ್‌ಬ್ಯಾಂಡ್ ಕಂಪನಿ ಮತ್ತು ನೆಟ್‌ಫ್ಲಿಕ್ಸ್ ಇಂಥ ಶುಲ್ಕದ ವಿಚಾರಕ್ಕೇ ವರ್ಷಗಟ್ಟಲೆ ಕೋರ್ಟಿನಲ್ಲಿ ಜಗಳವಾಡಿ 2023ರ ಸೆಪ್ಟೆಂಬರ್‌ನಲ್ಲಿ ರಾಜಿಯಾದವು. ವಿಡಿಯೊ ಗೇಮ್ ಆಡುವುದನ್ನು ನೇರಪ್ರಸಾರ ಮಾಡುವ ಸೈಟ್ ಟ್ವಿಚ್ ಮೊದಲು 2022ರಲ್ಲಿ ಅಲ್ಲಿ ವಿಡಿಯೊದ ಗುಣಮಟ್ಟವನ್ನು 720ಪಿಗೆ ಇಳಿಸಿತು. 2024ರ ಫೆಬ್ರವರಿಯಲ್ಲಿ ಕೊರಿಯಾದಿಂದಲೇ ಹೊರಟುಹೋಯಿತು. ಬೇರೆ ಬಹುತೇಕ ದೇಶಗಳಿಗಿಂತ ಅಲ್ಲಿ ನೆಟ್‌ವರ್ಕ್ ಶುಲ್ಕ 10 ಪಟ್ಟು ಎಂದು ಕಾರಣ ಕೊಟ್ಟಿತು. ಕಂಪನಿಯ ಮಾತನ್ನು ಪೂರ್ತಿ ನಂಬಬೇಕಿಲ್ಲ, ಆದರೆ ನಷ್ಟವಾಗಿದ್ದು ನೋಡುಗರಿಗೆ.

ಇನ್ನು ನಿಮ್ಮ ಬಿಲ್. ಪಾಲು ಬಂದ ಮಾತ್ರಕ್ಕೆ ಯಾವ ಕಂಪನಿಯೂ ದರ ಇಳಿಸುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಅಗ್ಗವಾಗಿ ಕೊಡುತ್ತಿದ್ದರೆ ಇಳಿಸುತ್ತದೆ. ಒಬ್ಬನೇ ಇದ್ದರೆ ಜೇಬಿಗೆ ಹಾಕಿಕೊಳ್ಳುತ್ತದೆ. ಅತ್ತ ವಿಡಿಯೊ ಕಂಪನಿ ತನ್ನ ಚಂದಾ ಏರಿಸಬಹುದು. ಆಗ ಅದೇ ರಸ್ತೆಗೆ ನೀವು ಎರಡು ಸಲ ಟೋಲ್ ಕಟ್ಟಿದಂತೆ.

ಪ್ರಶ್ನೆ: ಹಾಗಾದರೆ ಬಿಲ್ ಇಳಿಸುವಂಥ ನಿಯಮ ಯಾವುದೂ ಇಲ್ಲವೇ?

ಉತ್ತರ: ಇದೆ, ಆದರೆ ಸುದ್ದಿಯಲ್ಲಿ ಅದರ ಸದ್ದು ಕಡಿಮೆ. ಬ್ರಿಟನ್‌ನಲ್ಲಿ ಬ್ರಾಡ್‌ಬ್ಯಾಂಡ್ ಜಾಲ ನಡೆಸುವ ಓಪನ್‌ರೀಚ್ ಕಂಪನಿ ತನ್ನ ನೆಲದಡಿಯ ಕೊಳವೆಗಳನ್ನೂ ಕಂಬಗಳನ್ನೂ ಎದುರಾಳಿಗಳಿಗೆ ಬಾಡಿಗೆಗೆ ಕೊಡಲೇಬೇಕು. ಅಲ್ಲಿನ ನಿಯಂತ್ರಕ ಆಫ್‌ಕಾಂ ಹಾಗೆ ಕಟ್ಟು ಹಾಕಿದೆ. ಹೊಸ ಕಂಪನಿ ರಸ್ತೆ ಅಗೆಯಬೇಕಿಲ್ಲ. ಇದ್ದ ಕೊಳವೆಯಲ್ಲೇ ತನ್ನ ಫೈಬರ್ ತೂರಿಸಿದರೆ ಆಯಿತು. ಹೀಗೆ ಪಕ್ಕದಲ್ಲಿ ಇನ್ನೊಬ್ಬ ಬಂದರೆ ದರ ಇಳಿಯಬಹುದು.